ವೇಗಕ್ಕಿಂತ ದಾರಿ ಮುಖ್ಯ: ನೀಲಗಿರಿಯ ಸಣ್ಣ ವ್ಯಾಪಾರಕ್ಕೆ ಯಾವ ಇಂಟರ್‌ನೆಟ್?

ರಾತ್ರಿ 9 ಗಂಟೆಗೆ ಬಂಡೀಪುರದ ಗೇಟು ಬೀಳುತ್ತದೆ, ಬೆಳಿಗ್ಗೆ 6ಕ್ಕೆ ಏಳುತ್ತದೆ. 2009ರಿಂದ ಬಂದಿರುವ ಈ ರಾತ್ರಿ ಸಂಚಾರ ನಿರ್ಬಂಧ ಸರಿಯೋ ತಪ್ಪೋ ಎಂಬುದು ಇಲ್ಲಿನ ಚರ್ಚೆಯಲ್ಲ. ಆದರೆ ಗೂಡಲೂರಿನಿಂದ ಮೈಸೂರಿಗೆ ಚಹಾಪುಡಿ ಕಳಿಸುವವನಿಗೆ ಅಂಗಡಿಯ ಗೋಡೆ ಗಡಿಯಾರಕ್ಕಿಂತ ಆ ಗೇಟೇ ದೊಡ್ಡ ಗಡಿಯಾರ. ಮೂಟೆ ಲಾರಿಗೆ ಏರಿರುತ್ತದೆ, ಡ್ರೈವರ್ ಟೀ ಕುಡಿದು ಸಿದ್ಧವಾಗಿರುತ್ತಾನೆ. ಸರಕಿನ ಬೆಲೆ 50 ಸಾವಿರ ರೂಪಾಯಿ ದಾಟಿತೆಂದರೆ ಈ-ವೇ ಬಿಲ್ ಇಲ್ಲದೆ ಚಹಾ ರಾಜ್ಯದ ಗಡಿ ದಾಟುವಂತಿಲ್ಲ. 2018ರ ಏಪ್ರಿಲ್ 1ರಿಂದ ಇದೇ ನಿಯಮ. ಆ ಬಿಲ್ಲು ಸಾಮಾನ್ಯವಾಗಿ ಹುಟ್ಟುವುದು ಇಂಟರ್‌ನೆಟ್ಟಿನಲ್ಲಿ. ಸಂಜೆ ಏಳಕ್ಕೆ ಇಂಟರ್‌ನೆಟ್ ಕೈಕೊಟ್ಟರೆ ಸ್ವಲ್ಪ ಹೊತ್ತು ಕಾಯಬಹುದು, ಅಷ್ಟೆ. ಆಮೇಲೆ ಲಾರಿ ರಾತ್ರಿಯಿಡೀ ಗೂಡಲೂರಿನಲ್ಲೇ. ಲಾರಿ ಬಾಡಿಗೆ, ಡ್ರೈವರ್ ಬ್ಯಾಟಾ, ಬೆಳಗಿನ ವ್ಯಾಪಾರ ತಪ್ಪಿದ ನಷ್ಟ, ಎಲ್ಲ ಸೇರಿ ಆ ತಿಂಗಳ ಇಂಟರ್‌ನೆಟ್ ಬಿಲ್ಲಿನ ಎಷ್ಟೋ ಪಟ್ಟು ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಹೀಗಿದ್ದರೂ ನಮ್ಮ ಕಡೆ ಇಂಟರ್‌ನೆಟ್ ಕನೆಕ್ಷನ್ ತೆಗೆದುಕೊಳ್ಳುವಾಗ ಜನ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಎಂಬಿಪಿಎಸ್ ಕೊಡ್ತೀರಿ? ತಿಂಗಳಿಗೆ ಎಷ್ಟಾಗುತ್ತೆ?" ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಿ ಕೊಂಡ ಹಾಗೆ ಇದು. ನಮ್ಮ ನೆಲಕ್ಕೆ ಅದು ಹಿಡಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಓದಿದ ರೈತ ನಾನು, ಎಂಜಿನಿಯರ್ ಅಲ್ಲ. ಆದರೂ ಊಟಿ, ಗೂಡಲೂರು, ಮಸಿನಗುಡಿಗಳಲ್ಲಿ ವ್ಯಾಪಾರ ಮಾಡುವ ಸ್ನೇಹಿತರ ಜತೆ ಓಡಾಡಿ, ವೈರು ಎಳೆಯುವ ಹುಡುಗರನ್ನು ಕೇಳಿ ತಿಳಿದದ್ದನ್ನು ಗಡಿ ಭಾಗದ ರೈತರಿಗೂ ವ್ಯಾಪಾರಿಗಳಿಗೂ ಹೇಳಬೇಕೆನಿಸಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಟ್ಟದ ಸೀಮೆಯಲ್ಲಿ ಇಂಟರ್‌ನೆಟ್ಟಿನ ವೇಗ ಎರಡನೆಯದು. ಅದು ಯಾವ ದಾರಿಯಲ್ಲಿ ನಿಮ್ಮ ಬಾಗಿಲಿಗೆ ಬರುತ್ತದೆ ಎಂಬುದೇ ಮೊದಲನೆಯದು.

ಮೊದಲು ನಿಮ್ಮ ಅಗತ್ಯ ಅಳೆಯಿರಿ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಟೆಲಿಫೋನ್ ತಂತಿಯ ಮೇಲೆ ಡಯಲ್ ಮಾಡಿ, ಕೀಂಯ್ ಕುರ್ರ್ ಎಂಬ ಸದ್ದು ಕೇಳಿಸಿಕೊಂಡು ಕಾಯಬೇಕಾಗಿತ್ತು. ಆಗ ನಮಗೆ ಎಸ್‌ಟಿಡಿ ಬೂತೇ ದೊಡ್ಡ ಸೌಕರ್ಯ. ಈಗ ಸಣ್ಣ ಕಿರಾಣಿ ಅಂಗಡಿಗೂ ಐದಾರು ಕೆಲಸಕ್ಕೆ ಇಂಟರ್‌ನೆಟ್ ಬೇಕು. ಆದರೆ ಎಲ್ಲ ಕೆಲಸವೂ ಒಂದೇ ಅಳತೆಯದಲ್ಲ.

ಕಂಪನಿಯವರು ಹೇಳುವ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೋಟೋ, ಫೈಲುಗಳ ಗಾತ್ರ ಹೇಳುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯುತ್ತದೆ. ಸೇರಿಗೂ ಪಾವಿಗೂ ಇರುವ ವ್ಯತ್ಯಾಸದಂತೆ ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯಿತು.

ಈ-ವೇ ಬಿಲ್ಲು, ಜಿಎಸ್‌ಟಿ ರಿಟರ್ನು, ಮೆಟ್ಟುಪಾಳ್ಯಂ ಮಂಡಿಯ ಕ್ಯಾರೆಟ್, ಆಲೂಗಡ್ಡೆ ದರ ವಾಟ್ಸಾಪಿನಲ್ಲಿ ತರಿಸುವುದು, ಇವೆಲ್ಲ ಹಗುರ ಕೆಲಸ. 2 ಎಂಬಿಪಿಎಸ್ ಇದ್ದರೂ ಸಾಕು, ಆದರೆ ಬೇಕಾದ ಹೊತ್ತಿಗೆ ಇರಲೇಬೇಕು. ಅತಿಥಿಗಳು ನೋಡುವ ಸಿನಿಮಾ ಭಾರದ ಕೆಲಸ. ಒಬ್ಬೊಬ್ಬರಿಗೆ ಸುಮಾರು 5 ಎಂಬಿಪಿಎಸ್ ಹಿಡಿಯಿರಿ. ಐದು ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಕೂತರೆ 50 ಬೇಕು. ಇನ್ನು ಸಿಸಿ ಕ್ಯಾಮರಾ. ಇದು ಇಳಿಸುವ ಕೆಲಸವಲ್ಲ, ಏರಿಸುವ ಕೆಲಸ. ಗೋದಾಮಿನ ಎಂಟು ಕ್ಯಾಮರಾ ದೃಶ್ಯವನ್ನು ಹೊರಗಿನ ಸರ್ವರ್‌ಗೆ ಕಳಿಸುತ್ತಾ ಇದ್ದರೆ ತಲಾ 2ರಂತೆ 16 ಎಂಬಿಪಿಎಸ್ ಮೇಲ್ಮುಖವಾಗಿ ಹೋಗುತ್ತಲೇ ಇರಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಇಳಿಯುವ ವೇಗ. ಏರುವ ವೇಗವೆಷ್ಟು ಎಂದು ನೀವೇ ಬಾಯಿಬಿಟ್ಟು ಕೇಳಬೇಕು. ಫೈಬರಿನಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಸಿಗುವುದುಂಟು. ಗಾಳಿಯಲ್ಲಿ ಬರುವ ಕನೆಕ್ಷನ್ನುಗಳಲ್ಲಿ ಏರುವ ವೇಗ ಸಾಮಾನ್ಯವಾಗಿ ಕಡಿಮೆ. ಕ್ಯಾಮರಾ ದೃಶ್ಯವನ್ನು ಅಂಗಡಿಯಲ್ಲೇ ಇರುವ ಡಿವಿಆರ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬೇಕಾದಾಗ ಮಾತ್ರ ಫೋನಿನಲ್ಲಿ ನೋಡಿದರೆ ಈ ಹೊರೆ ಬಹಳ ಇಳಿಯುತ್ತದೆ.

ಇನ್ನೊಂದು ವಿಷಯದಲ್ಲಿ ಬಹಳ ಜನ ಹಣ ದಂಡ ಮಾಡುತ್ತಾರೆ. "ಯುಪಿಐಗೋಸ್ಕರ ವೈಫೈ ಹಾಕಿಸ್ಬೇಕು ಅಣ್ಣಾ" ಎಂದರು ಗೂಡಲೂರಿನ ಬೇಕರಿಯವರೊಬ್ಬರು. ಗಿರಾಕಿ ನಿಮ್ಮ ಕ್ಯೂಆರ್ ಚೀಟಿ ನೋಡಿ ಹಣ ಕಳಿಸುವಾಗ ಕೆಲಸ ಮಾಡುವುದು ಗಿರಾಕಿಯ ಫೋನಿನ ಇಂಟರ್‌ನೆಟ್, ನಿಮ್ಮದಲ್ಲ. "ಇಷ್ಟು ರೂಪಾಯಿ ಬಂತು" ಎಂದು ಕೂಗುವ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಅದರದೇ ಸಿಮ್ ಇರುತ್ತದೆ. ಅಂಗಡಿಯೊಳಗೆ ಗಿರಾಕಿಯ ಫೋನಿಗೆ ಸಿಗ್ನಲ್ ಸಿಗದಿದ್ದರೆ ಮಾತ್ರ ವೈಫೈ ಪ್ರಯೋಜನ. ಅದೂ ಪಾಸ್‌ವರ್ಡ್ ಇಟ್ಟು ಕೊಡಿ, ಲೆಕ್ಕದ ಕಂಪ್ಯೂಟರನ್ನು ಬೇರೆ ವೈಫೈ ಹೆಸರಿನಲ್ಲಿ ಇಡಿ. ದಾರಿಹೋಕರಿಗೆ ವೈಫೈ ಮಾರಿ ನಾಲ್ಕು ಕಾಸು ಸಂಪಾದಿಸುವ ಇಚ್ಛೆಯಿದ್ದರೆ, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಸಣ್ಣ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡಲು ಅವಕಾಶವಿದೆ.

ಉದಕಮಂಡಲ: ಫೈಬರ್ ಇದ್ದರೆ ಬೇರೆ ಯೋಚನೆ ಬೇಡ

ಊಟಿ ಪೇಟೆಯೊಳಗೆ ಅಂಗಡಿ, ಲಾಡ್ಜು, ಚಾಕೊಲೇಟ್ ವ್ಯಾಪಾರ ಇರುವವರಿಗೆ ಲೆಕ್ಕ ಸುಲಭ. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕು ಓಡುವುದೇ ಫೈಬರ್. ತಾಮ್ರದ ತಂತಿಯಲ್ಲಿ ಬರುತ್ತಿದ್ದ ಹಳೆಯ ಬ್ರಾಡ್‌ಬ್ಯಾಂಡ್ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ಫೈಬರ್ ಸುಮಾರು 20 ಕಿ.ಮೀ. ತನಕ ಸುಸ್ತಾಗದು. ಮಂಜು, ಮಳೆ, ಚಳಿ ಅದಕ್ಕೆ ಲೆಕ್ಕವಿಲ್ಲ. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ಸಿಡಿಲಿನ ಹೊಡೆತ ಆ ಎಳೆಯ ಮೂಲಕ ಅಂಗಡಿಯೊಳಗೆ ಬಾರದು.

ಆದರೆ ಫೈಬರಿನಲ್ಲೂ ಎಲ್ಲರ ಪಾಲು ಒಂದೇ ಅಲ್ಲ. ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆಯನ್ನು ದಾರಿಯಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ನಾಲೆಯ ಕೊನೆ ಭಾಗದ ರೈತನಿಗೆ ನೀರು ಹೇಗೆ ಬರುತ್ತದೋ ನಮಗೆ ಗೊತ್ತು. ಮೇಲಿನವರೆಲ್ಲ ಒಟ್ಟಿಗೆ ತೂಬು ಎತ್ತಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಅದಕ್ಕೇ ಕಂಪನಿಯವರು "ಇಷ್ಟು ಎಂಬಿಪಿಎಸ್‌ವರೆಗೆ" ಎನ್ನುತ್ತಾರೆ, "ಇಷ್ಟು ಕೊಡುತ್ತೇವೆ" ಎನ್ನುವುದಿಲ್ಲ. ಸರ್ಕಾರದ ವ್ಯಾಖ್ಯೆಯಲ್ಲೂ 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2 ಎಂಬಿಪಿಎಸ್ ಇದ್ದರೆ ಸಾಕು. ಕೊಟ್ಟ ಮಾತಿನಷ್ಟು ವೇಗ ಯಾವಾಗಲೂ ಬೇಕೆಂದರೆ ಲೀಸ್ಡ್ ಲೈನ್ ಇದೆ. ಅದರ ಬಾಡಿಗೆ ಹಲವು ಪಟ್ಟು ಹೆಚ್ಚು. ದೊಡ್ಡ ಹೋಟೆಲಿಗೆ, ಫ್ಯಾಕ್ಟರಿಗೆ ಸರಿ, ನಮ್ಮಂಥವರಿಗೆ ದುಬಾರಿ.

ಮೇ ತಿಂಗಳ ಸೀಸನ್ನಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಜನಸಾಗರ ಬಂದಾಗ ಮೊಬೈಲ್ ಟವರ್‌ಗಳು ತುಂಬಿದ ಬಸ್ಸಿನಂತಾಗುತ್ತವೆ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ವರ್ಷದ ದುಡಿಮೆಯ ಕಾಲವೇ ಅದು. ಆದ್ದರಿಂದ ಪೇಟೆಯಲ್ಲಿ ಇರುವವರು ಮೊಬೈಲ್ ಸಿಮ್ಮನ್ನೇ ನಂಬಿ ಕೂರಬಾರದು. ಪೇಟೆಯಿಂದ ಆಚೆ ಕೇತಿ ಕಣಿವೆಯ ಕಡೆ, ಬಡಗರ ಹಟ್ಟಿಗಳ ಕಡೆ ಇರುವವರು ಮೊದಲು ಒಂದು ಸುತ್ತು ನಡೆದು ಫೈಬರ್ ಯಾವ ಕಂಬದವರೆಗೆ ಬಂದಿದೆ ಎಂದು ಕಣ್ಣಾರೆ ನೋಡಿಕೊಂಡು ಬಂದು ಆಮೇಲೆ ಕಂಪನಿಯವರ ಹತ್ತಿರ ಮಾತಾಡಲಿ.

ಗೂಡಲೂರು: ಕಂಬ ಎಣಿಸಿ

ಗೂಡಲೂರಿನ ಕಥೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ನೇರ ಬಂದು ಬಡಿಯುವ ಜಾಗ. ಚಹಾ ತೋಟದ ಸಿಲ್ವರ್ ಓಕ್ ಮರ, ಬಿದಿರು ಮೆಳೆ ರಸ್ತೆಗೆ ಬೀಳುವುದು ಪ್ರತಿ ಮಳೆಗಾಲದ ಮಾತು. ಫೈಬರಿಗೆ ಮಳೆ ಏನೂ ಮಾಡದು, ಆದರೆ ಫೈಬರ್ ಹೊತ್ತ ಕಂಬಕ್ಕೆ ಮರ ಬೀಳುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಂಬಿಪಿಎಸ್ ಅಲ್ಲ. ಕೇಬಲ್ ನೆಲದಡಿ ಬಂದಿದೆಯೇ, ಕಂಬದ ಮೇಲೆ ತೂಗುತ್ತಿದೆಯೇ? ಮುಖ್ಯ ರಸ್ತೆಯಿಂದ ನಿಮ್ಮ ಅಂಗಡಿಗೆ ಎಷ್ಟು ಕಂಬ? ತುಂಡಾದರೆ ಬೆಸೆಯುವ ಹುಡುಗ ಗೂಡಲೂರಿನಲ್ಲೇ ಇದ್ದಾನೋ, ಊಟಿಯಿಂದ ಘಾಟಿ ಇಳಿದು ಬರಬೇಕೋ? ಫೈಬರ್ ಬೆಸುಗೆಗೆ ಬೇರೆಯೇ ಯಂತ್ರ ಬೇಕು. ತಾಮ್ರದ ತಂತಿಯಂತೆ ಹಲ್ಲಿನಲ್ಲಿ ಸಿಪ್ಪೆ ಸುಲಿದು ತಿರುಚಿ ಕಟ್ಟುವಂತಿಲ್ಲ.

ಕರೆಂಟಿನ ವಿಷಯವನ್ನೂ ಕೇಳಬೇಕು. ನಿಜವಾದ ಫೈಬರ್ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜಿಗೂ ನಿಮ್ಮ ಅಂಗಡಿಗೂ ನಡುವೆ ಕರೆಂಟು ಬೇಕಾದ ಯಾವ ಪೆಟ್ಟಿಗೆಯೂ ಇರುವುದಿಲ್ಲ. ಬೀದಿಯೆಲ್ಲ ಕತ್ತಲಾದರೂ ಎರಡು ತುದಿಯಲ್ಲಿ ವಿದ್ಯುತ್ ಇದ್ದರೆ ಲೈನು ಜೀವಂತ. ಕೆಲವು ಕೇಬಲ್ ಆಪರೇಟರುಗಳು ಅರ್ಧ ದಾರಿವರೆಗೆ ಫೈಬರ್ ತಂದು ಯಾರದೋ ಮಾಳಿಗೆಯಲ್ಲಿ ಪೆಟ್ಟಿಗೆ ಇಟ್ಟು, ಅಲ್ಲಿಂದ ಮಾಮೂಲಿ ವೈರಿನಲ್ಲಿ ಹಂಚುತ್ತಾರೆ. ಆ ಮಾಳಿಗೆಯ ಕರೆಂಟು ಹೋದರೆ ನಿಮ್ಮ ಅಂಗಡಿಯ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಚೆನ್ನಾಗಿದ್ದು ಮಳೆಗಾಲದಲ್ಲಿ ದಿನ ಬಿಟ್ಟು ದಿನ ಸಾಯುತ್ತಿದ್ದ ಅಂಥ ಒಂದು ಲೈನಿನಿಂದ ನಾನೂ ಎರಡು ವರ್ಷ ಪಾಡು ಪಟ್ಟಿದ್ದೇನೆ. ನಿಮ್ಮ ಕಡೆಯ ಮೋಡೆಮ್ ಪೆಟ್ಟಿಗೆ ಮತ್ತು ರೌಟರ್ ತಿನ್ನುವ ವಿದ್ಯುತ್ ಬಹಳ ಕಡಿಮೆ, ಒಂದು ಎಲ್‌ಇಡಿ ಬಲ್ಬಿನಷ್ಟು ಎನ್ನಬಹುದು. ಹೆಚ್ಚಿನವು 12 ವೋಲ್ಟಿನವು. ಅವಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಎರಡು ಮೂರು ಗಂಟೆ ನಡೆಸುತ್ತದೆ. ಲಾರಿ ಬಿಲ್ಲು ತೆಗೆಯಲು ಅಷ್ಟು ಸಾಕು.

ಮಸಿನಗುಡಿ: ದೂರದ ಬೆಟ್ಟ ನುಣ್ಣಗೆ

ಕನ್ನಡದಲ್ಲಿ ನಾವು "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಅನ್ನುತ್ತೇವೆ. ತೆಲುಗಿನಲ್ಲಿ ಅದನ್ನೇ "ದೂರಪು ಕೊಂಡಲು ನುನುಪು" ಅನ್ನುತ್ತಾರೆ. ಎರಡು ಭಾಷೆಯ ಹಿರಿಯರೂ ಮಸಿನಗುಡಿಯ ಮೊಬೈಲ್ ಟವರ್ ನೋಡಿಯೇ ಈ ಗಾದೆ ಕಟ್ಟಿದರೇನೋ! ಟವರ್ ಕಣ್ಣಿಗೆ ಕಾಣುತ್ತದೆ, ಫೋನಿಗೆ ಕಾಣುವುದಿಲ್ಲ.

ಮಸಿನಗುಡಿಗೆ ಒಂದು ದಾರಿ ತೆಪ್ಪಕಾಡಿನಿಂದ, ಮುದುಮಲೈ ಹುಲಿ ಮೀಸಲು ಅರಣ್ಯದ ಮೂಲಕ. ಇನ್ನೊಂದು ಊಟಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು. ಕೇಬಲ್ಲೂ ಇಂಥ ದಾರಿಗಳಲ್ಲೇ ಬರಬೇಕು. ಹುಲಿ ಕಾಡಿನೊಳಗೆ ಗುಂಡಿ ತೋಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕಂಬದ ಮೇಲೆ ಎಳೆದರೆ ಆನೆ, ಕೋತಿಗಳ ಕಾಟ. ಊರೊಳಗಿನ ಬಜಾರಿಗೂ ಬೊಕ್ಕಾಪುರ, ಮಾವನಹಳ್ಳದಂಥ ಕಡೆಗಳಿಗೂ ಅಜಗಜಾಂತರ. ಫೈಬರ್ ನಿಮ್ಮ ಬಾಗಿಲಿಗೆ ಬರುವುದಾದರೆ ಸಂತೋಷ, ತೆಗೆದುಕೊಳ್ಳಿ. ಬಾರದಿದ್ದರೆ ಉಳಿಯುವುದು ಗಾಳಿಯ ದಾರಿ.

ಗಾಳಿಯ ದಾರಿಯಲ್ಲಿ ಈಗ ಹೆಚ್ಚು ಮಾತು ಕೇಳುತ್ತಿರುವುದು ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಟವರ್‌ನ ರೇಡಿಯೋ ಅಲೆ. ಮಾಳಿಗೆಯ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು, ಮರುವರ್ಷವೇ ಜಿಯೋ, ಏರ್‌ಟೆಲ್ ಎರಡೂ ಈ ಸೇವೆ ತಂದವು. ಟವರ್‌ಗೂ ನಿಮ್ಮ ಮಾಳಿಗೆಗೂ ನಡುವೆ ಗುಡ್ಡ ಇರಬಾರದು. ಎತ್ತರದ ಮರಗಳಿದ್ದರೂ ಕಷ್ಟ, ಮಳೆಯಲ್ಲಿ ನೆಂದ ಎಲೆ ಅಲೆಯನ್ನು ನುಂಗುತ್ತದೆ. ತಗ್ಗಿನ ಕಂಪನದ ಅಲೆ, ಅಂದರೆ 700 ಮೆಗಾಹರ್ಟ್ಸ್‌ನದು, ದೂರ ಹೋಗುತ್ತದೆ, ಮರಗಿಡಗಳನ್ನೂ ಒಂದಿಷ್ಟು ದಾಟುತ್ತದೆ, ಆದರೆ ವೇಗ ಸಾಧಾರಣ. 3,500ರ ಸುಮಾರಿನ ಅಲೆ ಬಹಳ ವೇಗ, ಆದರೆ ಅಡ್ಡ ಬಂದದ್ದಕ್ಕೆಲ್ಲ ಮುಗ್ಗರಿಸುತ್ತದೆ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಳ್ಳಬೇಕಿಲ್ಲ. ಪರೀಕ್ಷೆ ಸುಲಭ. ಸ್ನೇಹಿತರಿಂದ ಎರಡು ಮೂರು ಕಂಪನಿಯ ಸಿಮ್ ಇರುವ ಫೋನು ತನ್ನಿ. ಪೆಟ್ಟಿಗೆ ಕೂರಿಸುವ ಜಾಗದಲ್ಲೇ ನಿಂತು ಬೆಳಿಗ್ಗೆ ಎಂಟಕ್ಕೊಮ್ಮೆ, ಶನಿವಾರ ರಾತ್ರಿ ಎಂಟಕ್ಕೊಮ್ಮೆ, ಜೋರು ಮಳೆಯಲ್ಲೊಮ್ಮೆ ವೇಗ ನೋಡಿ. ಮೂರರಲ್ಲಿ ತೀರಾ ಕಡಿಮೆ ಬಂದದ್ದೇ ನಿಮ್ಮ ನಿಜವಾದ ವೇಗ. ಉಳಿದದ್ದು ಜಾಹೀರಾತು.

ಟವರ್ ಕೂಡ ಸಿಗದವರಿಗೆ ಉಪಗ್ರಹ. ಹಳೆಯ ವಿಸ್ಯಾಟ್ ತಟ್ಟೆ 36,000 ಕಿ.ಮೀ. ಎತ್ತರದ ಉಪಗ್ರಹದ ಜತೆ ಮಾತಾಡುತ್ತದೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ದಾಟುತ್ತದೆ, ಜೋರು ಮಳೆ ಬಂದರೆ ತಡವರಿಸುತ್ತದೆ. ಬಿಲ್ಲು ತೆಗೆಯಲು ಅಡ್ಡಿಯಿಲ್ಲ, ವಿಡಿಯೋ ಮಾತಿಗೆ ಕಿರಿಕಿರಿ. ಕೆಲವು ನೂರು ಕಿ.ಮೀ. ಎತ್ತರದಲ್ಲೇ ಸುತ್ತುವ ಹೊಸ ಬಗೆಯ ಉಪಗ್ರಹಗಳಲ್ಲಿ ಈ ತಡ ಬಹಳ ಕಡಿಮೆ. ಅವುಗಳಲ್ಲಿ ಹೆಸರಾದ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಅದರ ಹೆಸರು ಹೇಳಿಕೊಂಡು ಮುಂಗಡ ಕೇಳುವ ಏಜೆಂಟರಿಗೆ ಮಾತ್ರ ಕೈಯೆತ್ತಿ ಹಣ ಕೊಡಬೇಡಿ.

ಮಸಿನಗುಡಿಯ ಹೋಂಸ್ಟೇಯವರಿಗೆ ಇದು ಬರೀ ಅತಿಥಿ ಸತ್ಕಾರದ ವಿಷಯವಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರ ಜಿಲ್ಲೆಯ ಪ್ರವಾಸಿ ವಾಹನಗಳಿಗೆ ನೀಲಗಿರಿಯಲ್ಲಿ ಈ-ಪಾಸ್ ಬಂತು. ಪಾಸಿಲ್ಲದೆ ಕೆಕ್ಕನಹಳ್ಳ ಚೆಕ್‌ಪೋಸ್ಟಿಗೆ ಬಂದ ಮೈಸೂರಿನ ಕುಟುಂಬ ಮೊದಲು ಫೋನು ಮಾಡುವುದು ಹೋಂಸ್ಟೇ ಮಾಲೀಕನಿಗೇ. "ಸಾರ್, ಇಲ್ಲಿ ನೆಟ್ ಸಿಗ್ತಿಲ್ಲ, ನೀವೇ ಮಾಡಿಕೊಡಿ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಮಾಲೀಕನ ಲೈನೂ ಮಲಗಿದ್ದರೆ ಬುಕಿಂಗ್ ಹೋಯಿತು.

ಎರಡನೇ ದಾರಿ

ಬೆಟ್ಟದಲ್ಲಿ ಒಂದೇ ದಾರಿ ನಂಬಿದವನು ಯಾವತ್ತಾದರೂ ಸಿಕ್ಕಿಬೀಳುತ್ತಾನೆ. 2009ರ ನವೆಂಬರ್‌ನ ಭೂಕುಸಿತಗಳನ್ನು ನೀಲಗಿರಿ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿದದ್ದನ್ನೂ ಮರೆತಿಲ್ಲ. ರಸ್ತೆ ಕುಸಿದರೆ ಅದರ ಬದಿಯ ಕೇಬಲ್ಲೂ ಹೋಗುತ್ತದೆ.

ಹಾಗಾಗಿ ಮುಖ್ಯ ಲೈನು ಫೈಬರ್ ಆದರೆ ಜತೆಗೆ ಬೇರೆ ಕಂಪನಿಯ ಒಂದು ಸಿಮ್ ಇರಲಿ. ಅದೇ ಕಂಪನಿಯದು ಬೇಡ, ಎರಡೂ ಒಟ್ಟಿಗೆ ಮಲಗುವ ಸಂಭವ ಹೆಚ್ಚು. ಇನ್ನೂ ಒಂದು ಗುಟ್ಟಿದೆ. ಟವರ್‌ಗೂ ಎಲ್ಲಿಂದಲೋ ಲೈನು ಬರಬೇಕಲ್ಲ! ಟವರ್ ಮೇಲೆ ಡೋಲಿನಂಥ ದುಂಡನೆಯ ಡಬ್ಬಿ ಇನ್ನೊಂದು ಬೆಟ್ಟದ ಕಡೆ ಮುಖ ಮಾಡಿದ್ದರೆ ಅದಕ್ಕೆ ಗಾಳಿಯ ದಾರಿಯೂ ಇರಬಹುದು. ಡಬ್ಬಿ ಇಲ್ಲದ ಟವರ್‌ಗೆ ಹೆಚ್ಚಾಗಿ ಫೈಬರೇ ಆಧಾರ, ಅದೂ ನಿಮ್ಮ ಲೈನು ಬಂದ ರಸ್ತೆಯಲ್ಲೇ ಬಂದಿರಬಹುದು. ಅಂಥ ಕಡೆ ಎರಡು ಕನೆಕ್ಷನ್ ಇದ್ದರೂ ದಾರಿ ಒಂದೇ. ಈ-ವೇ ಬಿಲ್ಲಿನಂಥ ಕೆಲಸಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಧಾರಾಳ ಸಾಕು. ಎರಡನೇ ಲೈನಿಗೆ ದೊಡ್ಡ ಪ್ಲಾನು ಬೇಡ.

ಗಡಿಯವರಿಗೆ ಎರಡು ಮಾತು

ಗೂಡಲೂರು ಸುತ್ತ ಮೂರು ರಾಜ್ಯ ಕೂಡುತ್ತವೆ. ಗಡಿಯಂಚಿನಲ್ಲಿ ಫೋನು ಕರ್ನಾಟಕದ ಟವರ್ ಹಿಡಿಯಬಹುದು, ಕೇರಳದ್ದನ್ನೂ ಹಿಡಿಯಬಹುದು. ಸಿಮ್ ಎಲ್ಲಿಯದಾದರೂ ನಡೆಯುತ್ತದೆ. ಏರ್‌ಫೈಬರ್ ಪೆಟ್ಟಿಗೆ ಹಾಗಲ್ಲ, ಗುಂಡ್ಲುಪೇಟೆಯ ವಿಳಾಸಕ್ಕೆ ತೆಗೆದುಕೊಂಡದ್ದನ್ನು ಮಸಿನಗುಡಿಗೆ ಹೊತ್ತೊಯ್ದರೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿ.

ಎರಡನೆಯದು ತೆರಿಗೆ. ಇಂಟರ್‌ನೆಟ್ ಬಿಲ್ಲಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಚಹಾ ವ್ಯಾಪಾರಿಯ ಸರಕಿಗೆ ತೆರಿಗೆ ಇರುವುದರಿಂದ, ಬಿಲ್ಲು ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿದ್ದರೆ ಆ ಹಣ ಕ್ರೆಡಿಟ್ಟಾಗಿ ವಾಪಸ್ ಸಿಗುತ್ತದೆ. ಬರೀ ತಾಜಾ ತರಕಾರಿ ಮಾರುವವರ ಸರಕಿಗೆ ತೆರಿಗೆಯೇ ಇಲ್ಲ, ಆದ್ದರಿಂದ ಕ್ರೆಡಿಟ್ಟೂ ಇಲ್ಲ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್‌ನಲ್ಲಿ ಇರುವವರಿಗೂ ಇಲ್ಲ. ನಮ್ಮ ಕಡೆಯ ವ್ಯಾಪಾರಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಇದು. ಲೈನು ಯಾವ ರಾಜ್ಯದಲ್ಲಿ ಕೂರಿಸಿದೆಯೋ ಆ ರಾಜ್ಯದ ತೆರಿಗೆ ಬೀಳುತ್ತದೆ. ಗೂಡಲೂರಿನ ಗೋದಾಮಿನ ಲೈನಿಗೆ ಕಟ್ಟಿದ ತೆರಿಗೆಯನ್ನು ಗುಂಡ್ಲುಪೇಟೆಯ ಕರ್ನಾಟಕ ನಂಬರಿನಲ್ಲಿ ಪಡೆಯುವಂತಿಲ್ಲ, ತಮಿಳುನಾಡಿನ ನೋಂದಣಿ ಬೇಕು.

ಕಾಗದಕ್ಕೆ ಸಹಿ ಹಾಕುವ ಮುಂಚೆ ಇಷ್ಟು ಕೇಳಿ. ಏರುವ ವೇಗ ಎಷ್ಟು? "ಅನ್‌ಲಿಮಿಟೆಡ್" ಎಂದರೂ ತಿಂಗಳಿಗೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತೀರಿ? ದಾರಿಯಲ್ಲಿ ಕರೆಂಟು ಬೇಕಾದ ಪೆಟ್ಟಿಗೆ ಇದೆಯೇ? ಲೈನು ತುಂಡಾದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ? ಒಂದು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಸೋಡಿ ಕೊಡುತ್ತೇವೆ ಎಂದರೆ ಅವಸರ ಬೇಡ. ಒಂದು ಮಳೆಗಾಲ ತಿಂಗಳಿಂದ ತಿಂಗಳಿಗೆ ಕಟ್ಟಿ ನೋಡಿ, ಆಮೇಲೆ ವರ್ಷದ ಮಾತು. ಲೈನು ಕೆಟ್ಟ ದಿನ ಫೋನಿನಲ್ಲಿ ಬೈದು ಸುಮ್ಮನಾಗದೆ ದೂರು ನಂಬರು ಬರೆದಿಟ್ಟುಕೊಳ್ಳಿ. ಮೇಲಿನವರ ತನಕ ಹೋಗಬೇಕಾದರೆ ಅದೇ ಆಧಾರ.

ಬೋರ್‌ವೆಲ್ ಕೊರೆಸುವಾಗ ನಾವು ಪಕ್ಕದ ಹೊಲದವನನ್ನು ಕೇಳದೆ ಕೊರೆಸುವುದಿಲ್ಲ. ಎಷ್ಟು ಅಡಿಗೆ ನೀರು ಬಂತು, ಬೇಸಿಗೆಯಲ್ಲಿ ಉಳಿಯಿತೇ ಎಂದು ಕೇಳಿಯೇ ಕೇಳುತ್ತೇವೆ. ಇಂಟರ್‌ನೆಟ್ಟಿಗೂ ಅಷ್ಟೇ ವಿವೇಕ ಸಾಕು. ಪಕ್ಕದ ಅಂಗಡಿಯವರನ್ನು "ಎಷ್ಟು ಸ್ಪೀಡು?" ಎಂದು ಕೇಳಬೇಡಿ. "ಹೋದ ಜುಲೈನಲ್ಲಿ ಎಷ್ಟು ದಿನ ಇರ್ಲಿಲ್ಲ?" ಎಂದು ಕೇಳಿ.